ಹಾಲುಗಂಬಕ್ಕೆ ಕ್ರೇನು ಬಂದದ್ದು

ಶಾಮಿಯಾನಕ್ಕೆ ಹದಿನೆಂಟು ಸಾವಿರ. ಕುರ್ಚಿ, ಮೇಜು, ಪಾತ್ರೆ ಪಗಡಗಳಿಗೆ ಒಂಬತ್ತು. ಅಡುಗೆಯವರಿಗೆ ಇಪ್ಪತ್ತೆರಡು, ಅದೂ ಬೇಳೆ ಬೆಲ್ಲ ಎಣ್ಣೆ ಎಲ್ಲ ಮನೆಯದೇ. ವಾಲಗದವರು ಹನ್ನೆರಡು ಕೇಳಿ, ಊಟದ ಆಸೆಗೆ ಹತ್ತಕ್ಕೆ ಇಳಿದಿದ್ದರು. ಹಾಲುಗಂಬಕ್ಕೆ ಮಾತ್ರ ಕಾಸಿನ ಖರ್ಚಿಲ್ಲ. ಪಕ್ಕದ ಹೊಲದ ಅತ್ತಿ ಮರದ ಒಂದು ಕೊಂಬೆ, ಅರಿಶಿನ ಬಟ್ಟೆಯ ತುಂಡು, ನಾಲ್ಕು ಮಾವಿನೆಲೆ, ಒಂದು ಲೋಟ ಹಾಲು. ತಾಳ್ಯದ ಓಬವ್ವ ಕಿರಿಮಗಳು ಸುಚಿತ್ರಾಳ ಮದುವೆ ಖರ್ಚನ್ನು ಬೆರಳು ಮಡಚಿ ಲೆಕ್ಕ ಹಾಕುವಾಗ ಹಾಲುಗಂಬಕ್ಕೆ ಬೆರಳನ್ನೇ ಮಡಚುತ್ತಿರಲಿಲ್ಲ. ಆದರೆ ಇಡೀ ಮದುವೆಯಲ್ಲಿ ಅವಳ ನಿದ್ದೆ ಕೆಡಿಸಿದ್ದು ಆ ಬಿಟ್ಟಿ ಕಂಬವೇ.

ಹಾಲುಗಂಬ ನಿಲ್ಲಿಸುವ ಹಕ್ಕು ಹುಡುಗಿಯ ಸೋದರಮಾವನದು. ಅವನು ಕೊಂಬೆ ಕಡಿದು ತಂದು, ಮನೆ ಮುಂದಿನ ಗುಣಿಯಲ್ಲಿ ನಿಲ್ಲಿಸಬೇಕು. ಮುತ್ತೈದೆಯರು ಬುಡಕ್ಕೆ ಹಾಲೆರೆಯಬೇಕು. ಆಮೇಲೇ ಮದುವೆ ಮನೆ ಮದುವೆ ಮನೆ. ಓಬವ್ವನಿಗೆ ಇದ್ದವನು ಒಬ್ಬನೇ ತಮ್ಮ, ಚಿಕ್ಕತಿಮ್ಮಪ್ಪ. ದೊಡ್ಡ ಮಗಳು ಯಮುನಾಳ ಮದುವೆಯಲ್ಲಿ ಅವನೇ ಕಂಬ ನಿಲ್ಲಿಸಿದ್ದ. ಚೆನ್ನಾಗಿಯೇ ನಿಂತಿತ್ತು. ಮದುವೆ ದಿನ ಬೀಗರ ಕಡೆಯ ಹಿರಿಯರೊಬ್ಬರು ಉಂಡು, ಎಲೆಅಡಿಕೆ ಬಾಯಿಗೆ ಹಾಕಿಕೊಂಡು, ಆರಾಮಾಗಿ ಆ ಕಂಬಕ್ಕೆ ಒರಗಿದರು. ಕಂಬವೂ ಆರಾಮಾಗಿ ಒರಗಿತು. ಇಬ್ಬರೂ ಹೋಗಿ ಕೈತೊಳೆಯುವ ನೀರಿನ ಕೊಪ್ಪರಿಗೆಯೊಳಗೆ ಕುಳಿತರು.

ಯಮುನಾಳ ಸಂಸಾರ ಚೆನ್ನಾಗಿದೆ, ಎರಡು ಮಕ್ಕಳೂ ಆದವು. ಆದರೆ ಜನ ಅದನ್ನು ನೆನೆಯಲಿಲ್ಲ, ಕೊಪ್ಪರಿಗೆಯನ್ನು ನೆನೆದರು. ಚಿಕ್ಕತಿಮ್ಮಪ್ಪನಿಗೆ ‘ಬಿದ್ದಗಂಬ’ ಎಂದು ಹೆಸರಿಟ್ಟರು. ಅವನು ಅಕ್ಕನ ಮನೆಗೆ ಬರುವುದನ್ನೇ ಬಿಟ್ಟ. ಹಬ್ಬಕ್ಕೂ ಇಲ್ಲ, ತಿಥಿಗೂ ಇಲ್ಲ. ಹೊಸದುರ್ಗದ ಕಡೆ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸುವ ಗುಂಪಿಗೆ ಸೇರಿಕೊಂಡ.

ಈ ಸಲ ಓಬವ್ವ ತಾನೇ ಬಸ್ಸು ಹತ್ತಿ ಹೋಗಿ ಕರೆದಿದ್ದಳು. ಬರುತ್ತೇನೆ ಎಂದಿದ್ದ. ಆದರೆ ಗಂಡನ ದಾಯಾದಿ, ಮದಕರಿಪುರದ ಗುರುರಾಜ, ಎಲ್ಲರ ಮುಂದೆ ಮಾತು ತೆಗೆದ: “ಅತ್ತಿಗೆ, ಈ ಸಾರಿ ಕಂಬ ನಾನೇ ಹೂಳ್ತೀನಿ. ಅಪಶಕುನ ಎರಡೆರಡು ಸಾರಿ ಬ್ಯಾಡ.” ಹಿರಿಯರು ಹೂಂಗುಟ್ಟಿದರು. ಕೊನೆಗೆ ಆದ ತೀರ್ಮಾನ ಇಷ್ಟು: ಶುಕ್ರವಾರ ಹತ್ತೂವರೆಗೆ ರಾಹುಕಾಲ. ಅಷ್ಟರೊಳಗೆ ಚಿಕ್ಕತಿಮ್ಮಪ್ಪ ನಿಲ್ಲಿಸಿದರೆ ಸರಿ. ಇಲ್ಲವಾದರೆ ಗುರುರಾಜ.

ಗುರುರಾಜ ಕೈ ಹಾಕಿದ ಗಳಿಗೆಯಲ್ಲೇ ತಮ್ಮ ಎದ್ದು ಹೋಗುತ್ತಾನೆ, ಮತ್ತೆ ತಾನು ಸತ್ತರೂ ಬರುವುದಿಲ್ಲ ಎಂಬುದು ಓಬವ್ವನಿಗೆ ಗೊತ್ತಿತ್ತು.

ಶುಕ್ರವಾರ ಬೆಳಗಾಗುವ ಹೊತ್ತಿಗೆ ಹೊಳಲ್ಕೆರೆಯ ಅಬ್ದುಲ್ ಖಾದರ್ ಸಾಬರು ಶಾಮಿಯಾನ ಹಾಕಿ ಮುಗಿಸಿದ್ದರು. ಕಬ್ಬಿಣದ ಪೈಪು, ಮೇಲೆ ಕೆಂಪು ಹಳದಿ ಬಟ್ಟೆ, ಅಂಚಿಗೆ ಜಾಲರಿ. ಅದರ ನಡುವೆ, ಬಾಗಿಲ ಎದುರಿಗೆ, ಹಾಲುಗಂಬದ ಗುಣಿ. ಮುತ್ತೈದೆಯರು ಸಾಲಾಗಿ ನಿಂತಿದ್ದರು. ಗುರುರಾಜ ಹಾರೆ ಹಿಡಿದು ಗಡಿಯಾರ ನೋಡುತ್ತಿದ್ದ.

ಆಗ ಬೀದಿಯ ತಿರುವಿನಲ್ಲಿ ದಡಬಡ ಸದ್ದಾಯಿತು. ನಾಯಿಗಳು ಬೊಗಳಿದವು. ಹಳದಿ ಬಣ್ಣದ ಕ್ರೇನೊಂದು ತನ್ನ ಉದ್ದನೆಯ ತೋಳನ್ನು ಮುಂದೆ ಚಾಚಿಕೊಂಡು ಬಂತು. ಆ ತೋಳಿನ ತುದಿಯ ಕೊಕ್ಕೆಯಲ್ಲಿ, ದಪ್ಪ ಬೆಲ್ಟು ಬಿಗಿಸಿಕೊಂಡು, ಒಂದೂವರೆ ಆಳೆತ್ತರದ ಒಂದು ಅತ್ತಿ ಕೊಂಬೆ ಬಡಪಾಯಿಯಂತೆ ಓಲಾಡುತ್ತಿತ್ತು. ಮುಂದೆ ಹೆಲ್ಮೆಟ್ಟು, ಕಿತ್ತಳೆ ಬಣ್ಣದ ಕೋಟು ತೊಟ್ಟ ಚಿಕ್ಕತಿಮ್ಮಪ್ಪ, ಕೆಂಪು ಬಾವುಟ ಬೀಸುತ್ತಾ ಹಿಂದಕ್ಕೆ ಹಿಂದಕ್ಕೆ ನಡೆದು ಬರುತ್ತಿದ್ದ.

ಓಬವ್ವನ ಗಂಡ ತಿಮ್ಮರಾಯಪ್ಪ ಬೀಡಿ ಬಾಯಿಂದ ತೆಗೆದ. “ಏನಪ್ಪ ಬಾಮೈದ, ಮಗಳ ಮದುವೆಗೆ ಬಂದ್ಯೋ, ಡ್ಯಾಮ್ ಕಟ್ಟಾಕೆ ಬಂದ್ಯೋ?”

“ಸುಮ್ನಿರು ಭಾವ. ಈ ಸಾರಿ ಎಲ್ಲಾ ಪದ್ಧತಿ ಪ್ರಕಾರ. ನಂದು ಎರೆಕ್ಷನ್ ಡಿಪಾರ್ಟ್‌ಮೆಂಟು.”

“ಹಂಗಂದ್ರೆ?” ಎಂದಳು ಓಬವ್ವ.

“ಎರೆಕ್ಟ್ ಮಾಡೋದು ಅಕ್ಕ. ನೆಟ್ಟಗೆ ನಿಲ್ಸೋದು.”

“ಕಂಬ ಹೂಳೋದು ಅನ್ನು.”

“ಹೂಳೋದಲ್ಲ. ಹೂಳೋದು ಹೆಣಾನ.”

“ನೆಡೋದು ಅನ್ನು ಹಂಗಾರೆ.”

“ನೆಡೋದು ಸಸೀನ. ಇದು ಎರೆಕ್ಟ್ ಮಾಡೋದು. ಗೋಡೆ ಎಬ್ಬಿಸ್ತೀವಲ್ಲ, ಅದೂ ಎರೆಕ್ಟು. ಹಂದರ ಹಾಕ್ತೀವಲ್ಲ, ಅದೂ ಎರೆಕ್ಟು. ಗುಡಿ ಮುಂದೆ ಗರುಡಗಂಬ ನಿಲ್ಲಿಸ್ತೀವಲ್ಲ, ಅದೂನೂ ಎರೆಕ್ಟೇ.”

ಓಬವ್ವ ಸ್ವಲ್ಪ ಯೋಚಿಸಿದಳು. “ಪಾಪ, ಆ ಇಂಗ್ಲಿಷ್‌ನೋರತ್ರ ಒಂದೇ ಮಾತು ಐತೇನೋ. ಬಡವ್ರು.”

ಕ್ರೇನಿನ ಮೇಲಿದ್ದವನು ಗಿರೀಶ, ಹೊಸದುರ್ಗದವನು, ಬಂಡಿ ಅವನದೇ. ಅವನು ಶಾಮಿಯಾನದ ಹತ್ತಿರ ಬಂದು ಬ್ರೇಕು ಒತ್ತಿ, ಮೇಲಿನ ಬಟ್ಟೆ ನೋಡಿದ, ತನ್ನ ಕ್ರೇನಿನ ತೋಳು ನೋಡಿದ. “ತಿಮ್ಮಣ್ಣ, ಒಳಗೆ ಹೋಗಲ್ಲ ಇದು.”

ಚಿಕ್ಕತಿಮ್ಮಪ್ಪ ಸೊಂಟದ ಮೇಲೆ ಕೈಯಿಟ್ಟು ಶಾಮಿಯಾನವನ್ನು ಒಂದು ಸುತ್ತು ಹಾಕಿದ. “ಇದನ್ನ ತಗೀಬೇಕು.”

ಖಾದರ್ ಸಾಬರು ಚಹಾದ ಲೋಟ ಕೆಳಗಿಟ್ಟರು. “ಏನ್ ತಗೀಬೇಕು?”

“ಶಾಮಿಯಾನ.”

“ಒಂದು ಕಂಬ ನಿಲ್ಸಾಕೆ ನನ್ನ ಅಷ್ಟೂ ಕಂಬ ಮಲಗಿಸ್ಬೇಕೇನ್ರಿ? ರಾತ್ರಿಯೆಲ್ಲಾ ನಿಂತು ಹಾಕ್ಸೀನಿ!”

“ನಿಮ್ದು ಬರೀ ಟೆಂಟ್ ಹೊಡೆಯೋದು ಸಾಬ್ರೆ. ನಮ್ದು ಎರೆಕ್ಷನ್ನು. ನಮ್ದು ಮೊದ್ಲು ಆಗ್ಬೇಕು.”

ಸಾಬರಿಗೆ ರೇಗಿತು. ತಮ್ಮ ಟೆಂಪೋದ ಕಡೆ ಬೆರಳು ತೋರಿಸಿದರು. “ಓದ್ರಿ ಅಲ್ಲಿ! ಸಪ್ಲೈಯರ್ಸ್ ಅಂಡ್ ಎರೆಕ್ಟರ್ಸ್! ನಮ್ಮಪ್ಪನ ಕಾಲದಿಂದ ಆ ಬೋರ್ಡ್ ಐತೆ. ನೀವು ಹುಟ್ಟಕ್ಕಿಂತ ಮುಂಚೆಯಿಂದ ನಾವು ಎರೆಕ್ಟ್ ಮಾಡ್ತಿದ್ದೀವಿ!”

“ಬೋರ್ಡಲ್ಲಿ ಬರ್ಕೊಂಡ್ರೆ ಆಯ್ತಾ? ಎಷ್ಟು ಎತ್ತರ ಮಾಡಿದ್ದೀರಿ?”

“ನಿಮ್ಮ ಗುಡ್ಡದ ಫ್ಯಾನಿನ ಕೆಳಗೆ ಯಾರಾದ್ರೂ ಕುಂತು ಊಟ ಮಾಡ್ಯಾರೇನ್ರಿ?”

ಇಬ್ಬರು ಎರೆಕ್ಟರುಗಳು ಎದೆಗೆ ಎದೆ ಕೊಟ್ಟು ನೆಟ್ಟಗೆ ನಿಂತರು. ಅಲ್ಲಿ ಅಷ್ಟು ನೆಟ್ಟಗೆ ನಿಂತದ್ದು ಸದ್ಯಕ್ಕೆ ಅವರಿಬ್ಬರೇ.

ಗುರುರಾಜ ಹಾರೆ ಎತ್ತಿಕೊಂಡ. “ಅತ್ತಿಗೆ, ಆ ಕೊಂಬೆ ಇಳಿಸಿ ಈ ಕಡೆ ಕೊಡ್ರಿ. ಎರಡು ನಿಮಿಷದ ಕೆಲಸ.”

“ಮೈದ್ನ, ಆ ಹಾರೆ ಕೆಳಗಿಡು,” ಎಂದಳು ಓಬವ್ವ. ಆಮೇಲೆ ಖಾದರ್ ಸಾಬರ ಹತ್ತಿರ ಹೋಗಿ ದನಿ ತಗ್ಗಿಸಿದಳು. “ಸಾಬ್ರೆ, ನಿಮಗೂ ಒಬ್ಬ ತಮ್ಮ ಅವ್ನೆ. ಅವ್ನು ಮಾತು ಬಿಟ್ರೆ ಹೆಂಗಿರುತ್ತೆ ಹೇಳ್ರಿ.”

ಸಾಬರು ತಮ್ಮನನ್ನು ನೆನೆದರು. ಮಾತು ಬಿಟ್ಟರೆ ಒಳ್ಳೆಯದೇ ಅನ್ನಿಸಿರಬೇಕು, ಆದರೂ ಓಬವ್ವನ ಮುಖ ನೋಡಿ ನಿಟ್ಟುಸಿರಿಟ್ಟರು. “ಬಿಚ್ರೋ,” ಎಂದು ತಮ್ಮ ಹುಡುಗರಿಗೆ ಕೂಗಿದರು.

ಬಿಚ್ಚುವುದೇನೋ ಬಿಚ್ಚಿದರು. ಆದರೆ ನಮ್ಮ ಕಡೆಯ ಗಾಳಿ ಗೊತ್ತಲ್ಲ, ಗುಡ್ಡದ ಮೇಲೆ ಯಂತ್ರ ತಿರುಗಿಸಿ ಮಿಕ್ಕಿದ್ದು ಊರೊಳಗೆ ಬರುತ್ತದೆ. ಹಗ್ಗ ಸಡಿಲವಾದದ್ದೇ ತಡ, ಶಾಮಿಯಾನದ ಬಟ್ಟೆ ಒಮ್ಮೆ ಉಬ್ಬಿ, ಎದ್ದು, ಜಾಲರಿ ಸಮೇತ ಹಾರಿ ಕ್ರೇನಿನ ಮೇಲೆ ಕವುಚಿಕೊಂಡಿತು. ಒಳಗಿನಿಂದ ಗಿರೀಶ ಒಂದೇ ಸಮನೆ ಹಾರನ್ನು ಒತ್ತಿದ. ಮದುವಣಗಿತ್ತಿಯ ಹಾಗೆ ಸೆರಗು ಹೊದ್ದು ಕೂತ ಕ್ರೇನು ಬಿಕ್ಕಿ ಬಿಕ್ಕಿ ಅಳುತ್ತಿರುವಂತೆ ಕೇಳಿಸಿತು. ವಾಲಗದವರು ಇದೇ ಸೂಚನೆ ಎಂದುಕೊಂಡು ನಾದಸ್ವರ ಶುರುಮಾಡಿಬಿಟ್ಟರು.

ಬಟ್ಟೆ ಎಳೆದು, ಗಿರೀಶನನ್ನು ಹೊರಗೆ ತೆಗೆದು, ಕ್ರೇನನ್ನು ಗುಣಿಯ ಹತ್ತಿರ ತರುವ ಹೊತ್ತಿಗೆ ಹತ್ತು ಗಂಟೆ ದಾಟಿತ್ತು. ಗಾಲಿಯ ಕೆಳಗೆ ಸಿಕ್ಕಿ ಪೂಜೆಯ ತೆಂಗಿನಕಾಯಿ ತಾನೇ ಒಡೆದುಕೊಂಡಿತು.

ಚಿಕ್ಕತಿಮ್ಮಪ್ಪ ಗುಣಿಯಲ್ಲಿ ಇಣುಕಿದ. “ಫೌಂಡೇಶನ್‌ಗೆ ಏನ್ ಹಾಕೀರಿ?”

“ನವಧಾನ್ಯ,” ಎಂದಳು ಓಬವ್ವ.

“ಅಷ್ಟೇನಾ?”

“ತುಪ್ಪ. ಒಂದು ರೂಪಾಯಿ ಕಾಯಿನ್ನು.”

ಅವನು ತಲೆ ಕೆರೆದುಕೊಳ್ಳಲು ಹೋದ. ಹೆಲ್ಮೆಟ್ಟು ಅಡ್ಡ ಬಂತು. “ಆಯ್ತು. ಈಗ ಹೆಲ್ಮೆಟ್ ಇಲ್ದೆ ಯಾರೂ ಹತ್ರ ಬರಂಗಿಲ್ಲ. ಮೇಲೆ ತೂಕ ತೂಗಾಡ್ತೈತೆ.”

“ಮುತ್ತೈದೇರು ಹಾಲೆರೀಬೇಕಲ್ಲೋ?”

“ಅವ್ರಿಗೂ ಹೆಲ್ಮೆಟ್ಟು.”

ಅವನು ತಂದಿದ್ದು ಒಂದು ಹೆಚ್ಚಿನ ಹೆಲ್ಮೆಟ್ಟು ಮಾತ್ರ. ಅದನ್ನು ಓಬವ್ವ ಹಾಕಿಕೊಂಡಳು. ಉಳಿದ ಮುತ್ತೈದೆಯರಲ್ಲಿ ಒಬ್ಬಳು ಬುಟ್ಟಿ ಬೋರಲು ಹಾಕಿಕೊಂಡಳು, ಒಬ್ಬಳು ಹಿತ್ತಾಳೆಯ ಬೋಗುಣಿ, ಇನ್ನೊಬ್ಬಳು ಇಡ್ಲಿ ಪಾತ್ರೆಯ ಮುಚ್ಚಳ. ಯಮುನಾ ಏನೂ ಸಿಗದೆ ಮಗುವಿನ ಪ್ಲಾಸ್ಟಿಕ್ ಬಕೆಟ್ಟನ್ನು ಹೊತ್ತು ಬಂದಳು. ಮದುಮಗಳು ಸುಚಿತ್ರಾ ಕಿಟಕಿಯಲ್ಲಿ ನಿಂತು, ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು.

ಎಲ್ಲರೂ ತಯಾರಾದರು. ಗಿರೀಶ ಕೊಂಬೆಯನ್ನು ಮೇಲಕ್ಕೆತ್ತಿದ. ಚಿಕ್ಕತಿಮ್ಮಪ್ಪ ಜೇಬಿನಿಂದ ಅಂಗೈಯಗಲದ ಒಂದು ಯಂತ್ರ ತೆಗೆದು ತಲೆಯ ಮೇಲೆ ಹಿಡಿದ. ಅದರೊಳಗಿನ ಪುಟ್ಟ ಚಕ್ರ ಗಿರಗಿರ ತಿರುಗಿತು. ಅವನ ಮುಖ ಇಳಿಯಿತು.

“ನಿಲ್ಸು! ಗಾಳಿ ಜಾಸ್ತಿ ಐತೆ. ಎರೆಕ್ಷನ್ ಬಂದ್!”

“ಬಂದ್ ಅಂದ್ರೆ?”

“ಗಾಳಿ ಮಿತಿ ದಾಟಿದ್ರೆ ಎತ್ತಂಗಿಲ್ಲ, ಇಳಿಸಂಗಿಲ್ಲ. ಕಮ್ಮಿ ಆಗೋತಂಕ ಕಾಯ್ಬೇಕು.”

“ಎಷ್ಟೊತ್ತು?”

“ಹೇಳಕ್ಕಾಗಲ್ಲ. ಗುಡ್ಡದ ಮೇಲೆ ಒಂದ್ಸಾರಿ ನಾಲ್ಕು ದಿನ ಕಾದಿದ್ವಿ.”

“ಲೇ, ಅದು ಆಕಾಶಕ್ಕೆ ಮುಟ್ಟೋ ಕಂಬ. ಇದು ನನ್ನ ತಲೆಗಿಂತ ಎರಡು ಮೊಳ ಜಾಸ್ತಿ ಐತೆ, ಅಷ್ಟೇ!”

“ರೂಲು ರೂಲೇ ಅಕ್ಕ.”

ಗುರುರಾಜ ನಕ್ಕ. “ಹತ್ತೂಕಾಲು ಆತು. ಬಿದ್ದಗಂಬ ಬಂದು ತೂಗುಗಂಬ ಮಾಡಿದ!”

ಜನ ಹೋ ಎಂದರು. ಓಬವ್ವ ನಗಲಿಲ್ಲ. ತಮ್ಮನನ್ನೇ ನೋಡಿದಳು. ಅವನು ಕೊಂಬೆಯ ಕಡೆ ನೋಡದೆ ಗುಣಿಯಿಂದ ಹಿಂದೆ ಹಿಂದೆ ಸರಿಯುತ್ತಿದ್ದ. ಹೆಲ್ಮೆಟ್ಟಿನ ಕೆಳಗಿಂದ ಬೆವರಿಳಿಯುತ್ತಿತ್ತು. ಕ್ರೇನು, ಕೋಟು, ಬೆಲ್ಟು, ಗಾಳಿ ಅಳೆಯುವ ಚಕ್ರ, ಇಷ್ಟೆಲ್ಲ ಹೊತ್ತು ತಂದವನು ಜಂಬಕ್ಕೆ ತಂದವನಲ್ಲ, ಹೆದರಿ ತಂದವನು ಎಂದು ಅವಳಿಗೆ ಆಗ ಅರ್ಥವಾಯಿತು. ಇನ್ನೊಮ್ಮೆ ಬಿದ್ದರೆ ತನ್ನ ಕೈಯಿಂದ ಬೀಳದಿರಲಿ, ಯಂತ್ರದ ಕೈಯಿಂದ ಬೀಳಲಿ ಎಂದುಕೊಂಡವನು. ಅಂಥವನಿಗೆ ‘ಏನೂ ಆಗಲ್ಲ, ನಿಲ್ಸು’ ಎಂದರೆ ಪ್ರಯೋಜನವಿಲ್ಲ. ಜ್ವರ ಬಂದ ಮಗುವಿಗೆ ಜ್ವರ ಇಲ್ಲ ಎಂದಂತೆ ಅದು.

“ಚಿಕ್ಕ,” ಎಂದಳು. “ನಿಮ್ಮ ಕೆಲಸದಲ್ಲಿ ಎಲ್ಲಾರಿಗಿಂತ ದೊಡ್ಡೋರು ಯಾರು?”

“ಸೈಟ್ ಇನ್‌ಚಾರ್ಜು.”

“ಈ ಜಾಗ ಯಾರ್ದು?”

“ನಿಂದು.”

“ಮಗಳು?”

“ನಿನ್ ಮಗಳು.”

“ನನ್ ತಲೆ ಮೇಲೆ ಏನೈತೆ?”

“ಹೆಲ್ಮೆಟ್ಟು.”

“ಮತ್ತೆ ಇನ್‌ಚಾರ್ಜು ಯಾರು?”

ಚಿಕ್ಕತಿಮ್ಮಪ್ಪ ಸುತ್ತ ನೋಡಿದ. ಹೆಲ್ಮೆಟ್ಟು ಇದ್ದದ್ದು ಅವರಿಬ್ಬರ ತಲೆಯ ಮೇಲೆ ಮಾತ್ರ. “ನೀನೇ.”

“ಹಂಗಾರೆ ಕೇಳು. ಸಾಬ್ರೆ, ಆ ಬಟ್ಟೆ ತರ್ರಿ.”

ಬಯಲಿನಲ್ಲಿ ಒಲೆ ಹೂಡಿ ನೂರಾರು ಜನಕ್ಕೆ ಮುದ್ದೆ ತೊಳಸಿದವಳು ಓಬವ್ವ. ಗಾಳಿಗೆ ಬೆಂಕಿ ನಿಲ್ಲದಿದ್ದರೆ ಏನು ಮಾಡಬೇಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಶಾಮಿಯಾನದ ಬಟ್ಟೆಯನ್ನು ಉದ್ದಕ್ಕೆ ಬಿಚ್ಚಿಸಿದಳು. ಬುಟ್ಟಿ, ಬೋಗುಣಿ, ಮುಚ್ಚಳ, ಬಕೆಟ್ಟು ಹೊತ್ತ ಹೆಂಗಸರನ್ನೆಲ್ಲ ಗುಣಿಯ ಸುತ್ತ ದುಂಡಗೆ ನಿಲ್ಲಿಸಿ, ಬಟ್ಟೆಯನ್ನು ತಲೆಯ ಮಟ್ಟಕ್ಕೆ ಎತ್ತಿ ಹಿಡಿಸಿದಳು. ಗುರುರಾಜನನ್ನೂ ಬಿಡಲಿಲ್ಲ. “ಮೈದ್ನ, ಹಾರೆ ಬಿಟ್ಟು ಈ ತುದಿ ಹಿಡ್ಕೊ. ಉದ್ದ ಅದೀಯ, ಉಪಯೋಗಕ್ಕೆ ಬಾ.”

ಕೆಂಪು ಹಳದಿ ಗೋಡೆ ಎದ್ದಿತು. ಒಳಗೆ ಅಕ್ಕ, ತಮ್ಮ, ಗುಣಿ. ಮೇಲೆ ಕೊಕ್ಕೆಯಿಂದ ಇಳಿಬಿದ್ದ ಕೊಂಬೆ.

“ಈಗ ಹಿಡಿ ನಿನ್ ಚಕ್ರ.”

ಅವನು ಹಿಡಿದ. ಚಕ್ರ ಒಮ್ಮೆ ಮಿಸುಕಿ ನಿಂತಿತು.

“ಗಾಳಿ ಎಷ್ಟೈತೆ?”

“ಇಲ್ಲ.”

“ಇನ್‌ಚಾರ್ಜು ಹೇಳ್ತಾಳೆ, ಇಳಿಸು.”

ಚಿಕ್ಕತಿಮ್ಮಪ್ಪ ಗಟ್ಟಿಯಾಗಿ ಕೂಗಿ ಗಿರೀಶನಿಗೆ ಸೂಚನೆ ಕೊಟ್ಟ. ಕೊಂಬೆ ಇಳಿಯಿತು. ಅವನು ಅದನ್ನು ಎರಡೂ ಕೈಯಲ್ಲಿ ತಬ್ಬಿ ಗುಣಿಗಿಟ್ಟ, ಬೆಲ್ಟು ಬಿಚ್ಚಿದ. ಓಬವ್ವ ಕಾಲಿನಿಂದ ಮಣ್ಣು ತಳ್ಳಿ ತುಳಿದಳು. ಮುತ್ತೈದೆಯರು ಒಬ್ಬೊಬ್ಬರಾಗಿ ಬಟ್ಟೆಯೊಳಗೆ ನುಸುಳಿ ಹಾಲೆರೆದರು. ಬೋಗುಣಿಯವಳು ಬಗ್ಗಿದಾಗ ಬೋಗುಣಿ ಜಾರಿ ಓಬವ್ವನ ಹೆಲ್ಮೆಟ್ಟಿಗೆ ಬಡಿದು ಜಾಗಟೆಯಂತೆ ಸದ್ದಾಯಿತು. “ನೋಡಿದ್ಯಾ, ಅದ್ಕೇ ಹೆಲ್ಮೆಟ್ಟು,” ಎಂದ ಚಿಕ್ಕತಿಮ್ಮಪ್ಪ. ರಾಹುಕಾಲಕ್ಕೆ ಇನ್ನೂ ಒಂದು ಎಲೆಅಡಿಕೆ ಹಾಕಿಕೊಳ್ಳುವಷ್ಟು ಹೊತ್ತಿತ್ತು.

ಎಲ್ಲ ಮುಗಿಯಿತು ಎಂದುಕೊಂಡರೆ, ಇಲ್ಲ. ಚಿಕ್ಕತಿಮ್ಮಪ್ಪ ಕಂಬ ಬಿಡಲೊಲ್ಲ.

“ಬಿಡೋ, ಆತು.”

“ಬಿಟ್ರೆ ಬೀಳುತ್ತೆ.”

“ನಿಂತೈತೆ ಬಿಡು.”

“ಆವಾಗ್ಲೂ ನಿಂತಿತ್ತು.”

ಕ್ರೇನು ಹೋಯಿತು. ಹೆಂಗಸರು ಪಾತ್ರೆ ಇಳಿಸಿ ಅಡುಗೆಮನೆ ಸೇರಿದರು. ಊಟಕ್ಕೆ ಎಲೆ ಹಾಕಿದರು. ಚಿಕ್ಕತಿಮ್ಮಪ್ಪ ಎಡಗೈಯಲ್ಲಿ ಕಂಬ ತಬ್ಬಿಕೊಂಡೇ ನಿಂತಿದ್ದ. ಸುಚಿತ್ರಾ ತಟ್ಟೆ ತಂದು, “ಮಾವ, ಆ ಅನ್ನು,” ಎಂದು ಹೋಳಿಗೆ ಮುರಿದು ಬಾಯಿಗಿಟ್ಟಳು. ತಿಂದ. ಕೈ ಮಾತ್ರ ಬಿಡಲಿಲ್ಲ.

ಖಾದರ್ ಸಾಬರ ಹುಡುಗರು ಶಾಮಿಯಾನ ಮತ್ತೆ ಹಾಕಲು ಪೈಪು ಹೊತ್ತು ತಂದರು. ಓಬವ್ವ ನೋಡುತ್ತಾ ನಿಂತವಳು ಫಕ್ಕನೆ ಕೇಳಿದಳು: “ಸಾಬ್ರೆ, ನಿಮ್ಮಪ್ಪ ನನ್ ಮದುವೆಗೆ ಹಂದರ ಹಾಕಿದ್ರಲ್ಲ, ಆವಾಗ ಪೈಪು ಇತ್ತಾ?”

“ಎಲ್ಲಿ ಪೈಪು ಓಬವ್ವಕ್ಕ. ಗಳ, ತೆಂಗಿನ ಗರಿ. ಮೊದ್ಲು ಹಾಲುಗಂಬ ನಿಲ್ಸೋರು. ಅದಕ್ಕೆ ಗಳ ಕಟ್ಕೊಂಡು ಉಳಿದಿದ್ದೆಲ್ಲಾ...” ಸಾಬರು ಅಲ್ಲಿಗೇ ನಿಲ್ಲಿಸಿ, ಕಂಬ ನೋಡಿದರು, ಪೈಪು ನೋಡಿದರು.

ಓಬವ್ವನೂ ನೋಡಿದಳು. ಹಿಂದೆ ಇಡೀ ಹಂದರ ಹಾಲುಗಂಬವನ್ನು ಹಿಡಿದುಕೊಂಡಿರುತ್ತಿತ್ತು, ಹಾಲುಗಂಬ ಹಂದರವನ್ನು. ಹತ್ತು ಜನ ಒರಗಿದರೂ ಬೀಳುತ್ತಿರಲಿಲ್ಲ. ಕಬ್ಬಿಣ ಬಂದ ಮೇಲೆ ಶಾಮಿಯಾನ ಮೊದಲೇ ಎದ್ದು ನಿಲ್ಲುತ್ತದೆ. ಹಾಲುಗಂಬ ನಡುವೆ ಒಂಟಿಯಾಗಿ, ಕರೆಯದೆ ಬಂದ ನೆಂಟನಂತೆ ನಿಂತಿರುತ್ತದೆ. ಯಮುನಾಳ ಮದುವೆಯಲ್ಲಿ ಬಿದ್ದದ್ದು ಅದಕ್ಕೆ. ತಮ್ಮನ ಕೈಗುಣಕ್ಕಲ್ಲ.

“ಕಟ್ರಿ ಅದಕ್ಕೆ,” ಎಂದಳು.

ಸಾಬರು ತಾವೇ ಏಣಿ ಹತ್ತಿದರು. ನಡುವಿನ ಅಡ್ಡ ಪೈಪನ್ನು ಹಾಲುಗಂಬದ ನೆತ್ತಿಗೆ ಸೇರಿಸಿ, ಮಾವಿನೆಲೆ ನಲುಗದಂತೆ, ತೆಂಗಿನ ನಾರಿನ ಹಗ್ಗದಲ್ಲಿ ಬಿಗಿದರು. ನಾಲ್ಕೂ ಕಡೆಗೆ ಪೈಪು ಹೋದವು. ಮೇಲೆ ಬಟ್ಟೆ ಬಂತು. ಸಾಬರು ಏಣಿಯ ಮೇಲಿಂದಲೇ ಹೇಳಿದರು: “ಚಿಕ್ಕತಿಮ್ಮಪ್ಪ, ಈಗ ಬಿಡ್ರಿ. ಇನ್ನು ಇದು ಬಿದ್ರೆ ನಿಮ್ಮ ಹೆಸರಷ್ಟೇ ಹೋಗಲ್ಲ, ನನ್ನ ಶಾಮಿಯಾನಾನೂ ಹೋಗುತ್ತೆ. ಇಬ್ರೂ ಸೇರಿ ಎರೆಕ್ಟ್ ಮಾಡಿದ್ದು ಅನ್ಕಳ್ರಿ.”

ಚಿಕ್ಕತಿಮ್ಮಪ್ಪ ಒಂದೊಂದೇ ಬೆರಳು ಬಿಡಿಸಿದ. ಕೊನೆಗೆ ಕೈ ಪೂರ್ತಿ ಬಿಟ್ಟು, ತಪ್ಪಿಬಿದ್ದರೆ ಹಿಡಿಯುವವನ ಹಾಗೆ ಬಗ್ಗಿ ನಿಂತ. ಕಂಬ ನಿಂತಿತ್ತು.

“ಹೆಲ್ಮೆಟ್ಟು ತಗೀಬೌದಾ ಇನ್‌ಚಾರ್ಜ್?” ಎಂದ.

“ಕುಂತು ಊಟ ಮಾಡು ಮೊದ್ಲು,” ಎಂದಳು ಓಬವ್ವ. ಅವಳ ಕಣ್ಣು ತುಂಬಿತ್ತು. ಹೊಗೆ ಎಂದಳು.

ಮದುವೆ ದಿನ ಯಮುನಾಳ ಬೀಗರ ಕಡೆಯ ಅದೇ ಹಿರಿಯರು ಬಂದರು. ಹೊಟ್ಟೆ ಆಗಿನದಕ್ಕಿಂತ ಮುಂದೆ ಬಂದಿತ್ತು. ಉಂಡರು, ಎದ್ದರು, ಎಲೆಅಡಿಕೆ ಬಾಯಿಗೆ ಹಾಕಿಕೊಂಡರು, ಯಾವ ಯೋಚನೆಯೂ ಇಲ್ಲದೆ ಹೋಗಿ ಹಾಲುಗಂಬಕ್ಕೆ ಬೆನ್ನು ಕೊಟ್ಟರು. ವಾಲಗ ನಿಂತಿತು. ಬಡಿಸುವವರ ಸೌಟು ಗಾಳಿಯಲ್ಲೇ ನಿಂತಿತು. ತಿಮ್ಮರಾಯಪ್ಪ ಓಡಿಹೋಗಿ ಕೊಪ್ಪರಿಗೆಯನ್ನು ಪಕ್ಕಕ್ಕೆಳೆದ. ಚಿಕ್ಕತಿಮ್ಮಪ್ಪ ಕಣ್ಣು ಮುಚ್ಚಿಕೊಂಡ.

ಮೇಲೆ ಹಗ್ಗ ಒಮ್ಮೆ ಕಿರ್ ಎಂದಿತು, ಅಷ್ಟೇ.

ಹಿರಿಯರು ಬೆನ್ನನ್ನು ಚೆನ್ನಾಗಿ ತುರಿಸಿಕೊಂಡು, “ಈ ಸಾರಿ ಗಟ್ಟಿ ಐತಪ್ಪ. ಯಾರು ಹೂಳಿದ್ದು?” ಎಂದರು.

“ಹೂಳಿದ್ದಲ್ರೀ,” ಎಂದಳು ಓಬವ್ವ, ಎಲ್ಲರಿಗೂ ಕೇಳುವಂತೆ. “ನನ್ ತಮ್ಮ ಎರೆಕ್ಟ್ ಮಾಡಿದ್ದು.”

ಕಳೆದದ್ದು: ಒಂದು ತೆಂಗಿನಕಾಯಿ, ಶಾಮಿಯಾನದ ಒಂದು ಮೊಳ ಜಾಲರಿ, ಯಮುನಾಳ ಮಗುವಿನ ಬಕೆಟ್ಟಿನ ಹಿಡಿ, ಕ್ರೇನಿನ ಡೀಸೆಲ್ಲು. ಬಂದದ್ದು: ತಮ್ಮ. ಮುಂದಿನ ಹಬ್ಬಕ್ಕೆ ಕರೆಯದೆಯೇ ಬಂದ.